ಟೋಕಿಯೊ ತಾಂತ್ರಿಕ ವಿಶ್ವವಿದ್ಯಾಲಯದ ಗಣ್ಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು

ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಜಪಾನಿನ ಹಳೆಯ ಸರ್ಕಾರಿ ತಾಂತ್ರಿಕ ವಿಶ್ವವಿದ್ಯಾಲಯವಾಗಿತ್ತು. ಜಪಾನಿಗಳ ಬಾಯಲ್ಲಿ ತೋಕ್ಯೊ ಕೋಗ್ಯೊ ದೈಗಾಕು, ಇನ್ನೂ ಚಿಕ್ಕದಾಗಿ ತೋಕೋದೈ. ಹೊರಗಿನವರಿಗೆ ಟೋಕಿಯೊ ಟೆಕ್. 1881ರ ಮೇ 26ರಂದು ಕಾರ್ಖಾನೆಯ ಮೇಸ್ತ್ರಿಗಳನ್ನೂ ಕಸುಬು ಕಲಿಸುವ ಮೇಷ್ಟ್ರುಗಳನ್ನೂ ತಯಾರು ಮಾಡುವ ಶಾಲೆಯಾಗಿ ಹುಟ್ಟಿ, 1901ರಲ್ಲಿ ಟೋಕಿಯೊ ಉನ್ನತ ತಾಂತ್ರಿಕ ಶಾಲೆಯಾಗಿ, 1929ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2024ರ ಅಕ್ಟೋಬರ್ 1ರಂದು ಟೋಕಿಯೊ ವೈದ್ಯಕೀಯ ಮತ್ತು ದಂತವೈದ್ಯಕೀಯ ವಿಶ್ವವಿದ್ಯಾಲಯದೊಡನೆ ವಿಲೀನಗೊಂಡು ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಟೋಕಿಯೊ ಎಂಬ ಹೊಸ ಹೆಸರು ಪಡೆಯಿತು. ಈ ಲೇಖನ ವಿಲೀನಕ್ಕೆ ಮುಂಚಿನ ತಾಂತ್ರಿಕ ಸಂಸ್ಥೆಯಲ್ಲಿ ಓದಿದವರಿಗೆ ಮತ್ತು ಕಲಿಸಿದವರಿಗೆ ಸೀಮಿತ.

ಇಂಥ ಸಂಸ್ಥೆಯ ಹಿರಿಮೆ ಹೇಳುವಾಗ ನೊಬೆಲ್ ಪಡೆದವರ ಹೆಸರಿನಿಂದ ಆರಂಭಿಸುವುದು ರೂಢಿ. ಇಲ್ಲಿ ಆ ದಾರಿ ಹಿಡಿದರೆ ಸಂಸ್ಥೆಯ ಸ್ವಭಾವ ಕೈಗೆ ಸಿಗುವುದಿಲ್ಲ. ಮಣ್ಣು, ಲೋಹದ ಆಕ್ಸೈಡು, ಪ್ಲಾಸ್ಟಿಕ್ಕಿನ ಪೊರೆ, ಅರೆವಾಹಕದ ಬಿಲ್ಲೆ – ಹೀಗೆ ಯಾವುದೋ ಒಂದು ವಸ್ತುವನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಕೂತವರೇ ಈ ಸಂಸ್ಥೆಗೆ ಹೆಸರು ತಂದವರು. ಆ ಪರಂಪರೆಯ ಮೂಲ ಇರುವುದು ಕುಲುಮೆಯಲ್ಲಿ.

ಕುರಾಮಾಯೆಯ ದಿನಗಳು

ಮೊದಲ ಶಾಲೆ ಇದ್ದದ್ದು ಟೋಕಿಯೊದ ಸುಮಿದಾ ನದಿಯ ದಡದ ಕುರಾಮಾಯೆ ಪ್ರದೇಶದಲ್ಲಿ. ಶಾಲೆ ಕಟ್ಟಬೇಕೆಂದು ಸರ್ಕಾರಕ್ಕೆ ಸಲಹೆ ಕೊಟ್ಟವರಲ್ಲಿ ಜರ್ಮನಿಯ ರಸಾಯನತಜ್ಞ ಗಾಟ್‌ಫ್ರೀಡ್ ವಾಗೆನರ್ (1831–1892) ಮುಖ್ಯ. 1868ರಲ್ಲಿ ನಾಗಸಾಕಿಗೆ ಬಂದಿಳಿದ ಈತ ಪಿಂಗಾಣಿಗೆ ಹೆಸರಾದ ಅರಿತಾ ಊರಿನ ಕುಂಬಾರರಿಗೆ ಕೋಬಾಲ್ಟ್ ಬಣ್ಣದ ಬಳಕೆ ಮತ್ತು ಹೊಸ ಬಗೆಯ ಕುಲುಮೆಯ ಪರಿಚಯ ಮಾಡಿಕೊಟ್ಟಿದ್ದ. 1873ರ ವಿಯೆನ್ನಾ ಪ್ರದರ್ಶನದಲ್ಲಿ ಜಪಾನಿನ ಪರವಾಗಿ ಸಲಹೆಗಾರನಾಗಿದ್ದ. ಮುಂದೆ ಇದೇ ಶಾಲೆಯಲ್ಲಿ ಪಿಂಗಾಣಿ ಮತ್ತು ಗಾಜಿನ ವಿಭಾಗ ಕಟ್ಟಿ ಸಾಯುವವರೆಗೂ ಜಪಾನಿನಲ್ಲೇ ಉಳಿದ. ಈಗಿನ ಓಓಕಾಯಾಮಾ ಆವರಣದಲ್ಲಿ ಆತನ ಸ್ಮಾರಕವಿದೆ. ಇನ್ನೊಬ್ಬ ಕಟ್ಟಾಳು ಸೆಯಿಚಿ ತೇಜಿಮಾ. 1890ರಿಂದ 1916ರವರೆಗಿನ ಅವಧಿಯ ಬಹುಪಾಲು ಪ್ರಾಂಶುಪಾಲರಾಗಿದ್ದ ಇವರ ಕಾಲದಲ್ಲೇ ಶಾಲೆಗೆ ಒಂದು ಘನತೆ ಬಂದದ್ದು. ಸಾಮ್ರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದಿದವರು ಅಧಿಕಾರಿಗಳಾದರೆ, ಕುರಾಮಾಯೆಯಲ್ಲಿ ಓದಿದವರು ಕಾರ್ಖಾನೆಯ ನೆಲದ ಮೇಲೆ ನಿಲ್ಲುತ್ತಿದ್ದರು. ಹಳೆಯ ವಿದ್ಯಾರ್ಥಿಗಳ ಸಂಘದ ಹೆಸರಿನಲ್ಲಿ ಕುರಾಮಾಯೆ ಇಂದಿಗೂ ಉಳಿದಿದೆ.

ತಾಂತ್ರಿಕ ಶಾಲೆಯ ಪಿಂಗಾಣಿ ವಿಭಾಗ ಇಟ್ಟಿಗೆ, ಇನ್ಸುಲೇಟರುಗಳ ತಜ್ಞರನ್ನು ಕೊಟ್ಟರೆ ಅದು ಸಹಜ. ಆದರೆ ಇಪ್ಪತ್ತನೆಯ ಶತಮಾನದ ಜಪಾನೀ ಕುಂಬಾರಿಕೆಯ ಇಬ್ಬರು ದೊಡ್ಡ ಕಲಾವಿದರೂ ಇಲ್ಲಿಂದಲೇ ಬಂದರು. ಕಾಂಜಿರೊ ಕವಾಯಿ (1890–1966) 1914ರಲ್ಲಿ, ಶೋಜಿ ಹಮಾದಾ (1894–1978) 1916ರಲ್ಲಿ ಇಲ್ಲಿ ಓದು ಮುಗಿಸಿದರು. 1903ರಿಂದ ಹತ್ತು ವರ್ಷ ಇಲ್ಲಿ ಅಧ್ಯಾಪಕರಾಗಿದ್ದವರು ಸ್ವತಃ ಪ್ರಸಿದ್ಧ ಪಿಂಗಾಣಿ ಕಲಾವಿದ ಇತಾಯಾ ಹಝಾನ್. ಓದು ಮುಗಿದ ಮೇಲೆ ಕವಾಯಿ, ಹಮಾದಾ ಇಬ್ಬರೂ ಕ್ಯೋಟೊ ನಗರದ ಕುಂಬಾರಿಕೆ ಪ್ರಯೋಗಾಲಯ ಸೇರಿ ಸಾವಿರಾರು ಬಗೆಯ ಮೆರುಗುಗಳನ್ನು ಬೇಯಿಸಿ ನೋಡಿದರು. ಹಮಾದಾ 1920ರಲ್ಲಿ ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ ಜೊತೆ ಇಂಗ್ಲೆಂಡಿಗೆ ಹೋಗಿ ಸೇಂಟ್ ಐವ್ಸ್‌ನಲ್ಲಿ ಕುಲುಮೆ ಕಟ್ಟಿದರು. ಮರಳಿ ಬಂದು ಮಶಿಕೊ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅಡುಗೆಮನೆಯ ಮಣ್ಣಿನ ಪಾತ್ರೆಗಳಿಗೆ ಹೆಸರಾಗಿದ್ದ ಆ ಊರು ಅವರಿಂದಾಗಿ ಜಗತ್ತಿನ ಕುಂಬಾರರ ಯಾತ್ರಾಸ್ಥಳವಾಯಿತು. ಚಿಂತಕ ಯಾನಾಗಿ ಸೋಯೆತ್ಸು ಅವರೊಡನೆ ಇವರಿಬ್ಬರೂ ಕಟ್ಟಿದ ಮಿಂಗೆಯ್ ಚಳವಳಿ ಹೆಸರಿಲ್ಲದ ಕಸುಬುದಾರ ಮಾಡಿದ ದಿನಬಳಕೆಯ ವಸ್ತುವಿನಲ್ಲಿ ಚೆಲುವನ್ನು ಹುಡುಕಿತು. 1955ರಲ್ಲಿ ಹಮಾದಾ ‘ಜೀವಂತ ರಾಷ್ಟ್ರೀಯ ನಿಧಿ’ ಗೌರವ ಸ್ವೀಕರಿಸಿದರು. ಕವಾಯಿ ಅದನ್ನು ಬೇಡವೆಂದರು. ಹಮಾದಾರ ಶಿಷ್ಯ ತಾತ್ಸುಝೊ ಶಿಮಾವೊಕಾ ಕೂಡ ಇದೇ ವಿಭಾಗದಲ್ಲಿ ಓದಿ 1996ರಲ್ಲಿ ಅದೇ ಗೌರವಕ್ಕೆ ಪಾತ್ರರಾದರು. ಮೆರುಗಿನ ರಸಾಯನವನ್ನು ತರಗತಿಯಲ್ಲಿ ಕಲಿತವರು ಅದನ್ನು ಮರೆಸುವಂತೆ ಮಡಕೆ ಮಾಡಿದರು ಎಂಬುದು ಈ ವಿಭಾಗದ ಸೊಗಸು.

ಭಾರತಕ್ಕೂ ಇಲ್ಲಿ ಒಂದು ಎಳೆ ಇದೆ. ದೆಹಲಿ ಬ್ಲೂ ಪಾಟರಿಯ ಗುರ್‌ಚರಣ್ ಸಿಂಗ್ (1898–1995) ಕುಂಬಾರಿಕೆ ಕಲಿಯಲು 1919ರಲ್ಲಿ ಟೋಕಿಯೊಗೆ ಹೋಗಿ ಹಮಾದಾ, ಕವಾಯಿ, ಲೀಚ್ ಅವರ ಬಳಗದ ಒಡನಾಟ ಪಡೆದು ಬಂದರು. ಭಾರತದ ಸ್ಟುಡಿಯೊ ಕುಂಬಾರಿಕೆಯ ಚರಿತ್ರೆ ಬಹುಮಟ್ಟಿಗೆ ಅವರಿಂದಲೇ ತೊಡಗುತ್ತದೆ. ಚೀನಾದಿಂದ ಬಂದವರಲ್ಲಿ 1921ರಲ್ಲಿ ವಾಸ್ತುಶಿಲ್ಪ ಓದಿ ಹೋದ ಲಿಯು ದುನ್‌ಝೆನ್ ಮುಂದೆ ಲಿಯಾಂಗ್ ಸಿಚೆಂಗ್ ಅವರ ಜೊತೆ ಚೀನೀ ವಾಸ್ತುಚರಿತ್ರೆಯ ಅಧ್ಯಯನಕ್ಕೆ ಬುನಾದಿ ಹಾಕಿದರು.

ಕುರಾಮಾಯೆ ಕಾಲದ ಇನ್ನೊಂದು ಹೆಸರು ಕೆಂಜಿರೊ ತಾಕಾಯಾನಾಗಿ (1899–1990). ಹಮಾಮಾತ್ಸು ಊರಿನ ಇವರು ಓದಿದ್ದು ಮುಖ್ಯ ಶಾಲೆಯಲ್ಲಿ ಅಲ್ಲ, ಅದಕ್ಕೆ ಅಂಟಿಕೊಂಡಿದ್ದ ತಾಂತ್ರಿಕ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ. 1926ರ ಡಿಸೆಂಬರ್ 25ರಂದು ಹಮಾಮಾತ್ಸುವಿನ ತಾಂತ್ರಿಕ ಶಾಲೆಯಲ್ಲಿ, ಕ್ಯಾಥೋಡ್ ಕಿರಣ ಕೊಳವೆಯ ಮುಖದ ಮೇಲೆ ‘ಇ’ ಎಂಬ ಜಪಾನೀ ಅಕ್ಷರವನ್ನು ಮೂಡಿಸಿ ತೋರಿಸಿದರು. ಕಳಿಸುವ ಕಡೆ ತಿರುಗುವ ತೂತಿನ ತಟ್ಟೆ, ಪಡೆಯುವ ಕಡೆ ಎಲೆಕ್ಟ್ರಾನಿಕ್ ಕೊಳವೆ. ಚಿತ್ರಕ್ಕೆ ನಲವತ್ತೇ ಗೆರೆ. ಜಪಾನಿನಲ್ಲಿ ಟೆಲಿವಿಷನ್ನಿನ ಪಿತಾಮಹ ಎಂದು ಕರೆಸಿಕೊಂಡವರು ಇವರೇ.

ಫೆರೈಟ್

1923ರ ಸೆಪ್ಟೆಂಬರ್ 1ರ ಮಹಾ ಭೂಕಂಪ ಮತ್ತು ಅದರ ಬೆನ್ನಿಗೇ ಬಂದ ಬೆಂಕಿಯಲ್ಲಿ ಕುರಾಮಾಯೆಯ ಶಾಲೆ ನಾಶವಾಯಿತು. ಮರುವರ್ಷ ಊರ ಹೊರಗಿನ ಓಓಕಾಯಾಮಾಕ್ಕೆ ಸ್ಥಳಾಂತರ. ಅಲ್ಲಿ ಹೊಸದಾಗಿ ವಿಶ್ವವಿದ್ಯಾಲಯವಾದ ಸಂಸ್ಥೆಯ ವಿದ್ಯುದ್ರಸಾಯನ ವಿಭಾಗದಲ್ಲಿ ಯೋಗೊರೊ ಕಾತೊ (1872–1967) ಪ್ರಾಧ್ಯಾಪಕರು. ಅವರ ಕೈಕೆಳಗೆ ತಾಕೇಶಿ ತಾಕೆಯಿ. ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹಗಳ ಆಕ್ಸೈಡು ಬೆರೆಸಿ ಸುಟ್ಟರೆ ಸಿಗುವ ವಸ್ತುವಿನ ಕಾಂತಗುಣವನ್ನು ಇವರಿಬ್ಬರೂ 1930ರ ಹೊತ್ತಿಗೆ ಪರೀಕ್ಷಿಸುತ್ತಿದ್ದರು. ಒಂದು ಸಂಜೆ ತಾಕೆಯಿ ಅಳತೆಯ ಉಪಕರಣದ ಸ್ವಿಚ್ ಆರಿಸಲು ಮರೆತು ಮನೆಗೆ ಹೋದರು, ಕಾಂತಕ್ಷೇತ್ರದಲ್ಲೇ ತಣ್ಣಗಾದ ಕೋಬಾಲ್ಟ್ ಬೆರೆತ ತುಣುಕು ಬೆಳಗಾಗುವಷ್ಟರಲ್ಲಿ ಬಲವಾದ ಆಯಸ್ಕಾಂತವಾಗಿತ್ತು ಎಂದು ಹೇಳುತ್ತಾರೆ. ಮರೆವಿನ ಕಥೆ ಸ್ವಾರಸ್ಯವಾಗಿದೆ. ಆದರೆ ಮರುದಿನದ ಅಂಕಿಯನ್ನು ತಪ್ಪೆಂದು ತಳ್ಳಿಹಾಕದೆ ಬೆನ್ನು ಹತ್ತಿದ್ದರಲ್ಲೇ ಕೆಲಸದ ತಿರುಳಿದೆ.

ಫೆರೈಟ್ ಏಕೆ ದೊಡ್ಡದು? ಲೋಹದ ಕಾಂತದ ಸುತ್ತಲಿನ ಸುರುಳಿಯಲ್ಲಿ ಹೆಚ್ಚಿನ ಆವರ್ತನದ ವಿದ್ಯುತ್ತು ಹರಿದಾಗ ಲೋಹದ ಒಳಗೆ ಸುಳಿಪ್ರವಾಹಗಳು ಹುಟ್ಟಿ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಫೆರೈಟ್ ಕಾಂತವೂ ಹೌದು, ಪಿಂಗಾಣಿಯಂತೆ ವಿದ್ಯುತ್ತಿಗೆ ತಡೆಯೂ ಹೌದು. ಹಾಗಾಗಿ ಆ ಸೋರಿಕೆ ತೀರ ಕಡಿಮೆ. ರೇಡಿಯೊದ ಆಂಟೆನಾ, ಟಿವಿಯ ಟ್ರಾನ್ಸ್‌ಫಾರ್ಮರ್, ಧ್ವನಿವರ್ಧಕ, ಕಂಪ್ಯೂಟರಿನ ಆರಂಭಕಾಲದ ಸ್ಮೃತಿ, ಇಂದಿನ ಚಾರ್ಜರು – ಎಲ್ಲದರಲ್ಲೂ ಅದು ಸೇರಿಕೊಂಡಿತು. ಲ್ಯಾಪ್‌ಟಾಪಿನ ತಂತಿಯಲ್ಲಿ ಕಾಣುವ ದಪ್ಪನೆಯ ಗಂಟಿನೊಳಗೆ ಇರುವುದೂ ಫೆರೈಟೇ. ಅಕಿತಾ ಪ್ರಾಂತದ ಕೆಂಜೊ ಸಾಯ್ತೊ ಎಂಬ ಉದ್ಯಮಿ ಕಾತೊ ಅವರಿಂದ ಪೇಟೆಂಟಿನ ಹಕ್ಕು ಪಡೆದು 1935ರಲ್ಲಿ ಕಂಪನಿ ಕಟ್ಟಿದರು. ತೋಕ್ಯೊ ದೆಂಕಿ ಕಗಾಕು ಎಂಬ ಅದರ ಹೆಸರಿನಲ್ಲಿ ಆ ವಿದ್ಯುದ್ರಸಾಯನ ವಿಭಾಗದ ನೆನಪಿದೆ. ಹೊರಜಗತ್ತು ಬಲ್ಲದ್ದು ಟಿಡಿಕೆ ಎಂದು, ಕ್ಯಾಸೆಟ್ಟಿನ ಕಾಲದವರಿಗಂತೂ ಚೆನ್ನಾಗಿ ಗೊತ್ತು. ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಒಂದು ಉದ್ಯಮವೇ ಎದ್ದ ಜಪಾನೀ ಉದಾಹರಣೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಸಿಗುವುದು ಕಷ್ಟ. ಕಾತೊ, ತಾಕೆಯಿ ಇಬ್ಬರಿಗೂ ನೊಬೆಲ್ ಬರಲಿಲ್ಲ. ಈ ಸಂಸ್ಥೆಯಿಂದ ಜನಜೀವನಕ್ಕೆ ಹೋದ ವಸ್ತುಗಳಲ್ಲಿ ಫೆರೈಟನ್ನು ಮೊದಲ ಸ್ಥಾನದಲ್ಲಿಡಬೇಕೆಂಬುದು ಈ ಲೇಖನದ ಅಭಿಪ್ರಾಯ.

ಇಬ್ಬರು ನೊಬೆಲ್ ವಿಜೇತರು

ಹಿದೆಕಿ ಶಿರಾಕಾವಾ (ಜನನ 1936) ಇಲ್ಲಿಯೇ 1961ರಲ್ಲಿ ಪದವಿ, 1966ರಲ್ಲಿ ಡಾಕ್ಟರೇಟ್ ಪಡೆದು ಸಹಾಯಕರಾಗಿ ಉಳಿದರು. ಅಸಿಟಿಲೀನ್ ಅನಿಲದ ಅಣುಗಳನ್ನು ಸರಪಳಿಯಾಗಿ ಹೆಣೆಯುವ ಕ್ರಿಯೆ ಅವರ ಅಧ್ಯಯನದ ವಿಷಯ. ಸಾಮಾನ್ಯವಾಗಿ ಅದರಿಂದ ಬರುತ್ತಿದ್ದುದು ಕಪ್ಪು ಪುಡಿ. 1967ರಲ್ಲಿ ಕೊರಿಯಾದಿಂದ ಬಂದಿದ್ದ ಸಂಶೋಧಕರೊಬ್ಬರು ವೇಗವರ್ಧಕವನ್ನು ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟರು. ಪುಡಿಯ ಬದಲು ದ್ರಾವಣದ ಮೇಲೆ ಬೆಳ್ಳಿಯ ಹಾಳೆಯಂಥ ಪೊರೆ ಕಟ್ಟಿತ್ತು. 1975ರಲ್ಲಿ ಜಪಾನಿಗೆ ಬಂದ ಅಮೆರಿಕದ ರಸಾಯನತಜ್ಞ ಆಲನ್ ಮ್ಯಾಕ್‌ಡಿಯರ್ಮಿಡ್ ಅದನ್ನು ಕಂಡು ಬೆರಗಾಗಿ ಶಿರಾಕಾವಾರನ್ನು ಪೆನ್ಸಿಲ್ವೇನಿಯಾಕ್ಕೆ ಕರೆದರು. ಅಲ್ಲಿ ಭೌತವಿಜ್ಞಾನಿ ಆಲನ್ ಹೀಗರ್ ಜೊತೆಗೂಡಿ ಪೊರೆಗೆ ಹ್ಯಾಲೊಜೆನ್ ಆವಿ ತಾಗಿಸಿದಾಗ ಅದರ ವಿದ್ಯುತ್ ಹರಿಸುವ ಗುಣ ಕೋಟಿ ಪಟ್ಟು ಏರಿತು. ಪ್ಲಾಸ್ಟಿಕ್ ಎಂದರೆ ವಿದ್ಯುತ್ ಹರಿಯದ ವಸ್ತು ಎಂಬ ಪಾಠ ಅಂದಿಗೆ ಮುಗಿಯಿತು. 2000ದ ರಸಾಯನ ನೊಬೆಲ್ ಮೂವರಿಗೂ ಹಂಚಿಹೋಯಿತು.

ಸಂಸ್ಥೆ ಶಿರಾಕಾವಾ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆದರೆ ಪೊರೆಯನ್ನು ಕಂಡ ಮೇಲೂ ಅವರು ಇಲ್ಲಿ ಹನ್ನೆರಡು ವರ್ಷ ಸಹಾಯಕರ ಹುದ್ದೆಯಲ್ಲೇ ಇದ್ದರು. 1979ರಲ್ಲಿ ತ್ಸುಕುಬಾ ವಿಶ್ವವಿದ್ಯಾಲಯ ಕರೆದಾಗ ಹೊರಟರು, ಅಲ್ಲಿಯೇ 1982ರಲ್ಲಿ ಪ್ರಾಧ್ಯಾಪಕರಾದರು. ಗಣ್ಯರ ಪಟ್ಟಿಗಳು ಇಂಥ ವಿವರವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಯೋಶಿನೋರಿ ಓಸುಮಿ (ಜನನ 1945) ಅವರದು ಇದಕ್ಕೆ ತಿರುಗುಮುರುಗು. ಅವರು ಓದಿದ್ದು ಟೋಕಿಯೊ ವಿಶ್ವವಿದ್ಯಾಲಯದಲ್ಲಿ. ಜೀವಕೋಶ ತನ್ನದೇ ಸವೆದ ಭಾಗಗಳನ್ನು ಚೀಲದಲ್ಲಿ ಕಟ್ಟಿ ಕರಗಿಸಿ ಮರುಬಳಸುವ ಸ್ವಭಕ್ಷಣ ಕ್ರಿಯೆಯನ್ನು ಯೀಸ್ಟ್ ಕೋಶದಲ್ಲಿ ಸೂಕ್ಷ್ಮದರ್ಶಕದಡಿ ಕಂಡದ್ದು ಅಲ್ಲಿ. ಅದಕ್ಕೆ ಬೇಕಾದ ಜೀನ್‌ಗಳನ್ನು ಹೆಕ್ಕಿ 1993ರಲ್ಲಿ ಪ್ರಕಟಿಸಿದ್ದೂ ಅಲ್ಲಿ. ವಿಸ್ತರಿಸಿದ್ದು ಒಕಾಝಾಕಿಯ ಜೀವವಿಜ್ಞಾನ ಸಂಸ್ಥೆಯಲ್ಲಿ. ಟೋಕಿಯೊ ಟೆಕ್‌ಗೆ ಬಂದದ್ದು 2009ರಲ್ಲಿ, ಬೇರೆಡೆ ನಿವೃತ್ತಿಯ ವಯಸ್ಸು ಹತ್ತಿರವಾದಾಗ. 2016ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಬಂತು. ಸಂಸ್ಥೆಗೆ ಸಲ್ಲಬೇಕಾದ ಶ್ರೇಯ ಅವರನ್ನು ರೂಪಿಸಿದ್ದರದ್ದಲ್ಲ, ಅರವತ್ತು ದಾಟಿದವರಿಗೂ ಪ್ರಯೋಗಾಲಯ ಕೊಟ್ಟಿದ್ದರದ್ದು.

ಬೆಳಕು, ಪರದೆ, ಅಣು

ಯುದ್ಧಾನಂತರದ ಪೀಳಿಗೆಯಲ್ಲಿ ಬೆಳಕಿನ ಎಲೆಕ್ಟ್ರಾನಿಕ್ಸ್ ಈ ಸಂಸ್ಥೆಯ ಸ್ವಂತ ಆಸ್ತಿಯೇ ಆಯಿತು. ಯಾಸುಹಾರು ಸುಯೆಮಾತ್ಸು (1955ರ ಪದವೀಧರ) ದೂರದ ಆಪ್ಟಿಕಲ್ ಫೈಬರ್ ಸಂಪರ್ಕಕ್ಕೆ ಬೇಕಾದ, ಒಂದೇ ತರಂಗದೂರದಲ್ಲಿ ಸ್ಥಿರವಾಗಿ ಬೆಳಗುವ ಅರೆವಾಹಕ ಲೇಸರನ್ನು ರೂಪಿಸಿದರು. ಸಂಸ್ಥೆಯ ಅಧ್ಯಕ್ಷರೂ ಆದರು. 2014ರಲ್ಲಿ ಜಪಾನ್ ಪ್ರಶಸ್ತಿ ಬಂತು. ಅದೇ ಪರಂಪರೆಯ ಕೆನಿಚಿ ಇಗಾ 1977ರಲ್ಲಿ ಒಂದು ಸರಳ ಪ್ರಶ್ನೆ ಹಾಕಿಕೊಂಡರು: ಬೆಳಕು ಬಿಲ್ಲೆಯ ಅಂಚಿನಿಂದ ಬರುವ ಬದಲು ಮೇಲ್ಮೈಯಿಂದ ನೇರ ಮೇಲಕ್ಕೆ ಏಕೆ ಬರಬಾರದು? ಹಾಗಾದರೆ ಒಂದೇ ಬಿಲ್ಲೆಯ ಮೇಲೆ ಸಾವಿರಾರು ಲೇಸರುಗಳನ್ನು ಒಟ್ಟಿಗೆ ಮಾಡಬಹುದು, ಕತ್ತರಿಸುವ ಮುನ್ನವೇ ಪರೀಕ್ಷಿಸಬಹುದು. ಕೋಣೆಯ ತಾಪದಲ್ಲಿ ಅದು ಬಿಡದೆ ಬೆಳಗುವಂತೆ ಮಾಡಲು 1988ರವರೆಗೆ ಹಿಡಿಯಿತು. ಇಂದು ಕಂಪ್ಯೂಟರ್ ಮೌಸಿನಲ್ಲಿ, ಡೇಟಾ ಕೇಂದ್ರಗಳಲ್ಲಿ, ಮುಖ ಗುರುತಿಸುವ ಫೋನುಗಳಲ್ಲಿ ಇರುವುದು ಈ ಲೇಸರೇ. ಇಗಾ 2007ರಿಂದ 2012ರವರೆಗೆ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಡಬಲ್ ಬೇಸ್ ವಾದ್ಯ ನುಡಿಸುವುದರಲ್ಲೂ ನುರಿತವರು.

ಹಿದೆಯೊ ಹೊಸೊನೊ ಹೊರಗಿನಿಂದ ಬಂದ ಅಧ್ಯಾಪಕ. ಇಂಡಿಯಂ, ಗ್ಯಾಲಿಯಂ, ಸತುವಿನ ಆಕ್ಸೈಡಿನಿಂದ ಪಾರದರ್ಶಕ ಟ್ರಾನ್ಸಿಸ್ಟರ್ ಮಾಡಬಹುದೆಂದು 2004ರಲ್ಲಿ ಅವರ ತಂಡ ತೋರಿಸಿತು; ಟ್ಯಾಬ್ಲೆಟ್, ದೊಡ್ಡ ಟಿವಿಗಳ ಪರದೆಗಳಿಗೆ ಅದು ಹೋಯಿತು. ನಾಲ್ಕು ವರ್ಷದ ನಂತರ, ಅತಿವಾಹಕತೆಗೆ ಶತ್ರುವೆಂದೇ ಭಾವಿಸಿದ್ದ ಕಬ್ಬಿಣವಿರುವ ಸಂಯುಕ್ತವೊಂದು 26 ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದನ್ನು ಅವರು ಪ್ರಕಟಿಸಿದಾಗ ಜಗತ್ತಿನ ಪ್ರಯೋಗಾಲಯಗಳು ಆ ಕಡೆ ಮುಗಿಬಿದ್ದವು. ಕಾತೊ–ತಾಕೆಯಿ ಅವರ ಆಕ್ಸೈಡಿನ ಹಾದಿ ಇಲ್ಲಿ ಮತ್ತೆ ತೆರೆಯಿತು ಎನ್ನಬಹುದು.

ಸಾವಯವ ರಸಾಯನದಲ್ಲಿ ತೆರುವಾಕಿ ಮುಕಾಯಾಮಾ (1927–2018) 1948ರ ಪದವೀಧರ, ಮುಂದೆ ಇಲ್ಲೇ ಪ್ರಾಧ್ಯಾಪಕ. ಅವರ ಹೆಸರಿನ ಆಲ್ಡೋಲ್ ಕ್ರಿಯೆಯನ್ನು ಎಂಎಸ್‌ಸಿ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಹಿದೆತೋಶಿ ನಿಶಿಮೊರಿ ತಮ್ಮ ವಿದ್ಯಾರ್ಥಿ ಕಾದೊವಾಕಿ ಜೊತೆ 1998ರಲ್ಲಿ ಬರೆದ ಪ್ರಬಂಧ ಕ್ವಾಂಟಂ ಅನೀಲಿಂಗ್ ಎಂಬ ಗಣನಾ ವಿಧಾನಕ್ಕೆ ತಳಹದಿ. ಕೆನಡಾದಲ್ಲಿ ಹುಟ್ಟಿದ ಡಿ-ವೇವ್ ಕಂಪನಿಯ ಅನೀಲಿಂಗ್ ಯಂತ್ರಗಳು ಆ ತತ್ವದ ಮೇಲೆ ನಿಂತಿವೆ. ಸತೋಶಿ ಮಾತ್ಸುವೊಕಾ ಇಲ್ಲಿ ತ್ಸುಬಾಮೆ ಸೂಪರ್‌ಕಂಪ್ಯೂಟರುಗಳ ಸಾಲನ್ನು ಕಟ್ಟಿ 2018ರಲ್ಲಿ ಕೋಬೆಯಲ್ಲಿರುವ ರಿಕೆನ್ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ಹೋದರು.

ರೋಬಾಟ್‌ಗಳ ವಿಷಯದಲ್ಲಿ ಮಸಾಹಿರೊ ಮೋರಿ (1927–2025) ಹೆಸರು ತಪ್ಪಿಸುವಂತಿಲ್ಲ. ಯಂತ್ರ ಮನುಷ್ಯನನ್ನು ಹೋಲುತ್ತಾ ಹೋದಂತೆ ಅದರ ಮೇಲೆ ಪ್ರೀತಿ ಹೆಚ್ಚುತ್ತದೆ, ಆದರೆ ಹೋಲಿಕೆ ಇನ್ನೇನು ಪೂರ್ತಿಯಾಯಿತು ಎನ್ನುವ ಹಂತದಲ್ಲಿ ಥಟ್ಟನೆ ಅಸಹ್ಯ ಹುಟ್ಟುತ್ತದೆ ಎಂದು 1970ರಲ್ಲಿ ಒಂದು ಸಣ್ಣ ಪ್ರಬಂಧದಲ್ಲಿ ಬರೆದರು. ಆ ‘ವಿಲಕ್ಷಣ ಕಣಿವೆ’ ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಮೂರು ದಶಕ ಕಳೆದು, ಅನಿಮೇಷನ್ ಚಿತ್ರಗಳ ಕಾಲದಲ್ಲಿ ಜಗತ್ತಿನ ಮಾತಾಯಿತು. ತಮ್ಮ ವಿದ್ಯಾರ್ಥಿಗಳಿಗೆ ಎರಡು ಡ್ರೈ ಸೆಲ್ ಕೊಟ್ಟು ಅದರಿಂದಲೇ ಓಡುವ ಗಾಡಿ ಮಾಡಿ ಎಂದು ಮೋರಿ ಹಚ್ಚಿದ ಸ್ಪರ್ಧೆ ರಾಷ್ಟ್ರೀಯ ರೋಬೊಕಾನ್ ಆಗಿ ಬೆಳೆದು, 2002ರಿಂದ ಏಷ್ಯಾ–ಪೆಸಿಫಿಕ್ ಸ್ಪರ್ಧೆಯಾಯಿತು. 2008ರ ಸ್ಪರ್ಧೆ ನಡೆದದ್ದು ನಮ್ಮ ಪುಣೆಯಲ್ಲಿ. ಟೋಕಿಯೊ ಟೆಕ್‌ನಲ್ಲೇ ಡಾಕ್ಟರೇಟ್ ಪಡೆದ ಶಿಗೆಯೊ ಹಿರೋಸೆ 1972ರಲ್ಲೇ ಹಾವಿನಂತೆ ಹರಿಯುವ ರೋಬಾಟ್ ಮಾಡಿದವರು. ಸೋನಿಯ ತೋಶಿತಾದಾ ದೋಯಿ ಸಿ.ಡಿ.ಯ ದೋಷ ತಿದ್ದುವ ವಿಧಾನದಲ್ಲೂ ಐಬೊ ಎಂಬ ರೋಬಾಟ್ ನಾಯಿಯಲ್ಲೂ ಪಾಲುಗಾರ, 1964ರ ಪದವೀಧರ.

ಮನೆ ಕಟ್ಟಿದವರು

ಯೋಶಿರೊ ತಾನಿಗುಚಿ (1904–1979) ಇಲ್ಲಿ ವಾಸ್ತುಶಿಲ್ಪ ಕಲಿಸುತ್ತಲೇ ಹೋಟೆಲ್ ಓಕುರಾದ ಹಜಾರ, ಟೋಕಿಯೊದ ಆಧುನಿಕ ಕಲಾ ಸಂಗ್ರಹಾಲಯಗಳನ್ನು ರೂಪಿಸಿದರು; ಕೆಡವಲು ಹೊರಟ ಮೇಯ್ಜಿ ಕಾಲದ ಕಟ್ಟಡಗಳನ್ನು ತಂದು ನಿಲ್ಲಿಸುವ ಮೇಯ್ಜಿ ಮುರಾ ಬಯಲು ಸಂಗ್ರಹಾಲಯ 1965ರಲ್ಲಿ ತೆರೆದದ್ದು ಅವರ ಪ್ರಯತ್ನದಿಂದ. ಅವರ ನಂತರದ ಕಿಯೋಶಿ ಸೇಯ್ಕೆ 1954ರಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯೊಳಗೆ ಬಾಗಿಲುಗಳೇ ಇರಲಿಲ್ಲ, ಶೌಚಕ್ಕೂ. ಸೇಯ್ಕೆ ಶಿಷ್ಯ ಕಝುವೊ ಶಿನೊಹಾರಾ (1925–2006) ಗಣಿತ ಓದಿ ಬಳಿಕ ವಾಸ್ತುಶಿಲ್ಪಕ್ಕೆ ಬಂದವರು. ನಗರಗಳನ್ನೇ ಹೊಸದಾಗಿ ಕಟ್ಟುವ ಮಾತು ಜಪಾನಿನಲ್ಲಿ ಜೋರಾಗಿದ್ದಾಗ ಅವರು ಮನೆ ಒಂದು ಕಲಾಕೃತಿ ಎಂದು ಹಟ ಹಿಡಿದು ಸಣ್ಣ ಮನೆಗಳನ್ನೇ ಕಟ್ಟಿದರು. 1961ರ ‘ಕೊಡೆ ಮನೆ’ಯನ್ನು ಬಿಚ್ಚಿ ಜರ್ಮನಿಗೆ ಒಯ್ದು 2022ರಲ್ಲಿ ವಿತ್ರಾ ಪೀಠೋಪಕರಣ ಕಂಪನಿಯ ಆವರಣದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಓಓಕಾಯಾಮಾ ಆವರಣದಲ್ಲಿ, ಅರ್ಧ ಸಿಲಿಂಡರು ಗಾಳಿಯಲ್ಲಿ ಓರೆಯಾಗಿ ಚುಚ್ಚಿಕೊಂಡಂತಿರುವ 1987ರ ಶತಮಾನೋತ್ಸವ ಭವನವೂ ಅವರದೇ. ಅಟೆಲಿಯೆ ಬೌ-ವೌ ಎಂಬ ವಾಸ್ತುಶಿಲ್ಪ ಕಚೇರಿ ಕಟ್ಟಿದ ಯೋಶಿಹಾರು ತ್ಸುಕಾಮೊತೊ ಇದೇ ಸಾಲಿನ ಇತ್ತೀಚಿನ ಹೆಸರು.

ಸಾಹಿತ್ಯ, ಚಿಂತನೆ, ರಾಜಕಾರಣ, ಉದ್ಯಮ

ಎರಡನೆಯ ಮಹಾಯುದ್ಧದ ನಂತರ ಅಧ್ಯಕ್ಷ ಕೊರೊಕು ವಾದಾ ಪಠ್ಯಕ್ರಮವನ್ನು ಬುಡದಿಂದ ತಿದ್ದಿ, ಎಂಜಿನಿಯರುಗಳಿಗೂ ಮಾನವಿಕ ವಿಷಯಗಳ ಗಟ್ಟಿ ಶಿಕ್ಷಣ ಬೇಕೆಂದರು. ಅದರಿಂದಾಗಿ ಈ ತಾಂತ್ರಿಕ ಸಂಸ್ಥೆಯ ಅಧ್ಯಾಪಕರ ಕೊಠಡಿಯಲ್ಲಿ ಬೇರೆಲ್ಲೂ ಕಾಣದ ಗುಂಪು ಸೇರಿತು. ಇಂಗ್ಲಿಷ್ ಕಲಿಸುತ್ತಿದ್ದ ಕಾದಂಬರಿಕಾರ ಸೇಯ್ ಇತೊ, ಡಿ.ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಅನುವಾದಿಸಿ ಅಶ್ಲೀಲತೆಯ ಮೊಕದ್ದಮೆ ಎದುರಿಸಿದರು; 1957ರಲ್ಲಿ ಸುಪ್ರೀಂ ಕೋರ್ಟು ದಂಡವನ್ನು ಎತ್ತಿಹಿಡಿಯಿತು. ತತ್ವಜ್ಞಾನಿ ಶುನ್‌ಸುಕೆ ತ್ಸುರುಮಿ, 1960ರಲ್ಲಿ ಅಮೆರಿಕದೊಡನೆಯ ಭದ್ರತಾ ಒಪ್ಪಂದವನ್ನು ಸರ್ಕಾರ ಬಲವಂತವಾಗಿ ಅಂಗೀಕರಿಸಿದ್ದನ್ನು ಪ್ರತಿಭಟಿಸಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ನೇಪಾಳದ ಕ್ಷೇತ್ರಕಾರ್ಯದ ಚೀಟಿಗಳನ್ನು ಹರಡಿ ಹೊಂದಿಸುತ್ತಾ ರೂಪಿಸಿದ ವಿಧಾನ ಅವರ ಹೆಸರಿನ ಮೊದಲಕ್ಷರಗಳಿಂದ ಕೆಜೆ ವಿಧಾನವೆನಿಸಿ ಕಂಪನಿಗಳ ಸಭೆಗಳಿಗೆಲ್ಲ ಹಬ್ಬಿತು. 1984ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಸಮಾಜಶಾಸ್ತ್ರಜ್ಞ ಮಿಚಿಯೊ ನಾಗಾಯಿ ಶಿಕ್ಷಣ ಮಂತ್ರಿಯಾದರು. ವಿಮರ್ಶಕ ಜುನ್ ಎತೊ ಎರಡು ದಶಕ ಇಲ್ಲಿದ್ದರು. ಈಚೆಗೆ ಪತ್ರಕರ್ತ ಅಕಿರಾ ಇಕೆಗಾಮಿ, ಅಕುತಾಗಾವಾ ಪ್ರಶಸ್ತಿಯ ಕಾದಂಬರಿಕಾರ ಕೆನಿಚಿರೊ ಇಸೊಝಾಕಿ ಆ ಪರಂಪರೆಗೆ ಸೇರಿದ್ದಾರೆ.

ವಿದ್ಯಾರ್ಥಿಗಳಲ್ಲಿ ಈ ಬಗೆಯ ದೊಡ್ಡ ಹೆಸರು ಕವಿ, ಚಿಂತಕ ತಾಕಾವಾಕಿ ಯೋಶಿಮೊತೊ (1924–2012). 1947ರಲ್ಲಿ ವಿದ್ಯುದ್ರಸಾಯನದಲ್ಲಿ ಪದವಿ ಪಡೆದು, ಇಂಕು ತಯಾರಿಸುವ ಕಾರ್ಖಾನೆಯಲ್ಲಿ ದುಡಿದು, 1968ರಲ್ಲಿ ರಾಜ್ಯವೆಂಬುದು ಜನ ಕೂಡಿ ಕಟ್ಟಿದ ಭ್ರಮೆ ಎಂದು ವಾದಿಸುವ ಗ್ರಂಥ ಬರೆದರು. ಬಂಡೆದ್ದ ವಿದ್ಯಾರ್ಥಿ ಪೀಳಿಗೆ ಅದನ್ನು ಕೈಯಲ್ಲಿ ಹಿಡಿದು ತಿರುಗಿತು. ಕಾದಂಬರಿಕಾರ್ತಿ ಬನಾನಾ ಯೋಶಿಮೊತೊ ಇವರ ಮಗಳು.

1970ರಲ್ಲಿ ಅನ್ವಯಿಕ ಭೌತವಿಜ್ಞಾನ ಓದಿ ಹೊರಬಂದ ನಾವೊತೊ ಕಾನ್ 2010ರ ಜೂನ್‌ನಲ್ಲಿ ಪ್ರಧಾನಿಯಾದರು. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ಮರುದಿನ ಬೆಳಿಗ್ಗೆಯೇ ಹೆಲಿಕಾಪ್ಟರಿನಲ್ಲಿ ಫುಕುಶಿಮಾ ಅಣು ಸ್ಥಾವರಕ್ಕೆ ಹೋದರು. ಕೆಲವರಿಗೆ ಅದು ಧೈರ್ಯ, ಕೆಲವರಿಗೆ ಕೆಲಸಗಾರರ ದಾರಿಗೆ ಅಡ್ಡಿ. ವಿವಾದ ಇನ್ನೂ ತೀರಿಲ್ಲ. ಬಳಿಕ ಕಾನ್ ಅಣುವಿದ್ಯುತ್ತನ್ನೇ ಕೈಬಿಡಬೇಕೆಂದು ವಾದಿಸತೊಡಗಿದರು. ಅದೇ ಹೊತ್ತಿನಲ್ಲಿ ಮುದಿ ವಯಸ್ಸಿನ ಯೋಶಿಮೊತೊ, ಕಂಡುಕೊಂಡ ತಂತ್ರಜ್ಞಾನವನ್ನು ಬಿಟ್ಟು ಹಿಂದಕ್ಕೆ ಹೋಗಲಾಗದು ಎಂದು ಹೇಳಿ ತಮ್ಮ ಓದುಗರನ್ನೇ ಕೆಣಕಿದರು.

ಸತೊರು ಇವಾತಾ (1959–2015) ವಿದ್ಯಾರ್ಥಿಯಾಗಿದ್ದಾಗಲೇ ಇಕೆಬುಕುರೊದ ಅಂಗಡಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಸೇರುತ್ತಿದ್ದ ಹುಡುಗರ ಜೊತೆ ಆಟಗಳ ಪ್ರೋಗ್ರಾಂ ಬರೆಯುತ್ತಿದ್ದರು. 1982ರಲ್ಲಿ ಪದವಿ ಮುಗಿಸಿ, ಆ ಗೆಳೆಯರು ಕಟ್ಟಿದ ಪುಟ್ಟ ಹ್ಯಾಲ್ ಕಂಪನಿಗೇ ಸೇರಿದರು. ಕಂಪನಿ ಸಾಲದಲ್ಲಿ ಮುಳುಗಿದಾಗ 1993ರಲ್ಲಿ ಅದರ ಮುಖ್ಯಸ್ಥರಾಗಿ ಸಾಲ ತೀರಿಸಿದರು. 2002ರಲ್ಲಿ ವಿಡಿಯೊ ಆಟಗಳ ಕಂಪನಿ ನಿಂಟೆಂಡೊದ ಅಧ್ಯಕ್ಷ ಸ್ಥಾನ ಯಾಮಾವುಚಿ ಮನೆತನದ ಹೊರಗೆ ಹೋದದ್ದು ಇವರಿಗೆ. ಡಿಎಸ್ ಮತ್ತು ವೀ ಆಟದ ಯಂತ್ರಗಳೆರಡೂ ಇವರ ಕಾಲದವು. 2014ರಲ್ಲಿ ಕಂಪನಿ ನಷ್ಟದ ದಾರಿ ಹಿಡಿದಾಗ ಕೆಲಸಗಾರರನ್ನು ತೆಗೆಯದೆ ತಮ್ಮ ಸಂಬಳವನ್ನು ಕೆಲವು ತಿಂಗಳು ಅರ್ಧಕ್ಕೆ ಇಳಿಸಿಕೊಂಡರು. ಆಡಳಿತ ಸಲಹೆಗಾರ ಕೆನಿಚಿ ಓಮಾಯೆ ಕೂಡ ಇಲ್ಲಿ ಸ್ನಾತಕೋತ್ತರ ಓದಿದವರು.

ಮೇಲಿನ ಹೆಸರುಗಳಲ್ಲಿ, ಒಬ್ಬರ ಮಗಳೆಂದು ಬಂದ ಬನಾನಾ ಯೋಶಿಮೊತೊ ಬಿಟ್ಟರೆ, ಹೆಂಗಸರಿಲ್ಲ. ಅದು ಲೇಖನದ ಆಯ್ಕೆಯಷ್ಟೇ ಅಲ್ಲ, ಸಂಸ್ಥೆಯ ಚರಿತ್ರೆಯೂ ಹೌದು. 2024ರ ಪ್ರವೇಶದಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳಿಗೆಂದೇ 58 ಸೀಟುಗಳನ್ನು ಮೀಸಲಿಡಲಾಯಿತು. 2025ರಿಂದ ಆ ಸಂಖ್ಯೆ ಇನ್ನೂ ಹೆಚ್ಚಿತು.